ಎರಡು ಸೀಟಿ, ಒಂದು ಖಾಲಿ ಚಾ

ಮೊದಲ ದಿನವೇ ಆಂಜನೇಯನನ್ನು ನಾನು ಅಣ್ಣಾ ಎಂದು ಕರೆದುಬಿಟ್ಟಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ.

ದೇವದುರ್ಗದ ಬಸ್ ಡಿಪೋದಲ್ಲಿ ನಾನು ಕಂಡಕ್ಟರ್. ಅಲ್ಲಿ ಎಲ್ಲರೂ ನನಗೆ ಅಣ್ಣಂದಿರೇ. ಮೆಕ್ಯಾನಿಕ್ ಬುರ್ಹಾನುದ್ದೀನ್ ಅಣ್ಣ, ಗೇಟಿನ ಹುಲಿಗೇಶಣ್ಣ, ಕೊನೆಗೆ ದಿನಾ ಜಗಳ ತೆಗೆಯುವ ಪ್ಯಾಸೆಂಜರ್ ಕೂಡ ಅಣ್ಣನೇ. ಬೆಳಗಿನ ಐದೂವರೆ ಗಾಡಿಯಲ್ಲಿ ಗಂಡಸರ ಗುಂಪಿನೊಳಗೆ ನುಗ್ಗಿ ಟಿಕೆಟ್ ಕೊಡುವ ಹೆಣ್ಣುಮಗಳಿಗೆ ಅದಕ್ಕಿಂತ ಗಟ್ಟಿ ಬೇಲಿ ಬೇರೆ ಇಲ್ಲ. ಆದರೆ ಚೀಕಲಪರ್ವಿ ಊರಿನ ಹೊಸ ಡ್ರೈವರ್ ಆಂಜನೇಯನನ್ನು ನನ್ನ ಗಾಡಿಗೆ ಹಾಕಿದ ದಿನ, ಅವನು ಸೀಟಿನಿಂದ ತಿರುಗಿ ನೋಡಿ ನಕ್ಕ. ನನ್ನ ಬಾಯಿಂದ ಆ ಪದ ಹೊರಡಲಿಲ್ಲ.

ವಾರವಾದ ಮೇಲೆ ಅವನೇ ಕೇಳಿದ.

"ರಾಧಾ ಮೇಡಂ, ಎಲ್ಲಾರ್ನೂ ಅಣ್ಣಾ ಅಂತೀರಿ. ನಾನೇನ್ ಪಾಪ ಮಾಡೀನಿ?"

"ನಿಮಗ ತಂಗೇರು ಇಲ್ಲೇನು ಮನ್ಯಾಗ?"

"ಮೂರು ಮಂದಿ ಅದಾರ್ರಿ. ನಾಕನೇದು ಬ್ಯಾಡಾಗ್ಯದ."

ಹೇಳಿ ಮುಂದೆ ತಿರುಗಿ ಗಾಡಿ ಚಾಲೂ ಮಾಡಿದ. ಅವನ ಕಿವಿ ಕೆಂಪಾಗಿದ್ದು ಹಿಂದಿನಿಂದ ನನಗೆ ಕಂಡಿತು. ಮಾನ್ವಿ ಬರುವುದರೊಳಗೆ ನಾನು ಟಿಕೆಟ್ ಮಶೀನಿನಲ್ಲಿ ಎರಡು ಸಲ ತಪ್ಪು ಸ್ಟೇಜ್ ಒತ್ತಿದೆ. ಆ ತಪ್ಪಿಗೆ ಕಾರಣ ಗೊತ್ತಿತ್ತು, ಹೆದರಿಕೆ ಇರಲಿಲ್ಲ.

ನಮ್ಮದು ದೇವದುರ್ಗದಿಂದ ಸಿರವಾರ, ಮಾನ್ವಿ ಮೇಲೆ ಹಾದು ರಾಯಚೂರಿಗೆ ಹೋಗುವ ಗಾಡಿ. ಬೆಳಗಿನ ಆರೂವರೆಗೆ ಸಿರವಾರದಲ್ಲಿ ಐದು ನಿಮಿಷ ನಿಲ್ಲುತ್ತದೆ. ಆಂಜನೇಯ ಇಳಿದು ಹೋಟೆಲಿನಿಂದ ಎರಡು ಗ್ಲಾಸ್ ಚಾ ತರುತ್ತಿದ್ದ. ನನ್ನ ಗ್ಲಾಸಿನ ಅಂಚನ್ನು ತನ್ನ ಕರ್ಚೀಫಿನಿಂದ ಒರೆಸಿ, ಬಾಗಿಲಲ್ಲಿ ನಿಂತ ನನ್ನ ಕೈಗೆ ಕೊಡುತ್ತಿದ್ದ. ಬೆರಳು ತಾಗದಂತೆ ಕೊಡಲು ಅವನು ಪಡುವ ಪಾಡು ನೋಡಿದರೆ, ತಾಗಿಬಿಟ್ಟಿದ್ದರೇ ಚೆನ್ನಾಗಿತ್ತು ಅನ್ನಿಸುತ್ತಿತ್ತು. ಮನೆಯಲ್ಲಿ ಅವ್ವ ಚಾ ಮಾಡಿಕೊಡುತ್ತೇನೆ ಎಂದರೂ ನಾನು ಬೇಡ ಎನ್ನುತ್ತಿದ್ದೆ. ದಿನದ ಮೊದಲ ಚಾ ಅದೇ ಇರಬೇಕು ಎಂಬ ಹಟ.

ಹೀಗೆ ಒಂದು ವರ್ಷ. ಆಮೇಲೆ ನನ್ನ ಮೈ ನನಗೆ ಕೈಕೊಡತೊಡಗಿತು.

ಮೊದಲು ದಣಿವು. ಎಂಟು ತಾಸು ಮಲಗಿ ಎದ್ದರೂ ರಾತ್ರಿಯೆಲ್ಲ ಕಲ್ಲು ಹೊತ್ತವಳ ಹಾಗೆ ಏಳುತ್ತಿದ್ದೆ. ತಲೆ ಬಾಚಿದರೆ ಹಣಿಗೆ ತುಂಬ ಕೂದಲು. ಧ್ವನಿ ದಪ್ಪಗಾಯಿತು. "ಟಿಕೆಟ್, ಟಿಕೆಟ್" ಎಂದು ಕೂಗಿದರೆ ಯಾರೋ ಗಂಡಸು ಕೂಗಿದ ಹಾಗೆ ಕೇಳುತ್ತಿತ್ತು. ಮಾರ್ಚ್ ತಿಂಗಳಲ್ಲಿ, ರಾಯಚೂರಿನ ಬಿಸಿಲಿಗೆ ನಾಯಿಗಳು ಗಾಡಿಯ ಕೆಳಗೆ ಮಲಗುವ ಹೊತ್ತಿನಲ್ಲಿ, ನಾನು ಖಾಕಿಯ ಮೇಲೆ ಸ್ವೆಟರ್ ಹಾಕಿಕೊಂಡು ನಿಂತಿದ್ದೆ.

"ಏನ್ ಕಂಡಕ್ಟರಮ್ಮಾ, ಕಾಶ್ಮೀರಕ್ಕ ಹೊಂಟದೇನ್ ಗಾಡಿ?" ಎಂದು ಪ್ಯಾಸೆಂಜರುಗಳು ನಗುತ್ತಿದ್ದರು. ನಾನೂ ನಗುತ್ತಿದ್ದೆ. ಒಳಗೆ ಮಾತ್ರ ಮೂಕಮ್ಮ ದೊಡ್ಡವ್ವ ಬಂದು ಕೂತಿದ್ದಳು.

ಮೂಕಮ್ಮ ನಮ್ಮ ಅವ್ವನ ಅಕ್ಕ. ನಾನು ಸಣ್ಣವಳಿದ್ದಾಗ ಅವಳ ಕುತ್ತಿಗೆಯಲ್ಲಿ ನಿಂಬೆಹಣ್ಣಿನಷ್ಟು ಬಾವು ಇತ್ತು. ಒಲೆಯ ಮೇಲೆ ಅನ್ನ ಇಟ್ಟು ಮರೆಯುತ್ತಿದ್ದಳು. ಮಾತು ಶುರು ಮಾಡಿ ನಡುವೆಯೇ ಮರೆಯುತ್ತಿದ್ದಳು. ಮಕ್ಕಳೂ ಆಗಲಿಲ್ಲ. ಗಂಡನ ಮನೆಯವರು "ಇಕಿ ಕೆಲಸಕ್ಕ ಬರಂಗಿಲ್ಲ" ಎಂದು ತವರಿಗೆ ತಂದು ಬಿಟ್ಟು ಹೋದರು. ಗಾಳಿ ಸೋಕಿದೆ ಎಂದು ತಾಯತ ಕಟ್ಟಿದರೇ ಹೊರತು ಯಾರೂ ರಕ್ತ ಪರೀಕ್ಷೆ ಮಾಡಿಸಲಿಲ್ಲ. ಸುಡುಸುಡು ಬಿಸಿಲಲ್ಲಿ ಕಂಬಳಿ ಹೊದ್ದು ಕಟ್ಟೆಯ ಮೇಲೆ ಕೂತಿರುತ್ತಿದ್ದಳು. ಹಾಗೇ ಕೂತು ಕೂತು ಸತ್ತಳು.

ನಾನು ದಿನಾ ಕನ್ನಡಿಯ ಮುಂದೆ ನಿಂತು ಕುತ್ತಿಗೆ ಮುಟ್ಟಿ ನೋಡಿಕೊಳ್ಳುತ್ತಿದ್ದೆ. ಉಗುಳು ನುಂಗಿದರೆ ಏನೋ ಅಡ್ಡ ಬಂದ ಹಾಗೆ. ಅದು ಬಾವೋ ನನ್ನ ಭಯವೋ ತಿಳಿಯುತ್ತಿರಲಿಲ್ಲ.

ಕೊನೆಗೆ ರಾಯಚೂರಿನ ಒಂದು ಕ್ಲಿನಿಕ್ಕಿನಲ್ಲಿ ತೋರಿಸಿದೆ. ರಕ್ತ ತೆಗೆದರು. ರಿಪೋರ್ಟಿನಲ್ಲಿ ಥೈರಾಯ್ಡಿನ ಟಿಎಸ್‌ಎಚ್ ಎಂಬಲ್ಲಿ ಆರು ಪಾಯಿಂಟ್ ಒಂಬತ್ತು. ಪಕ್ಕದಲ್ಲಿ ನಾಲ್ಕೂವರೆಯೊಳಗೆ ಇರಬೇಕು ಎಂದು ಅಚ್ಚಾಗಿತ್ತು. ಅದರ ಕೆಳಗಿನ ಟಿ-ಫೋರ್ ಮಾತ್ರ ಸರಿಯಾಗಿತ್ತು. ಡಾಕ್ಟರು ರಿಪೋರ್ಟನ್ನು ನೋಡಿದ್ದು ಬಹಳವೆಂದರೆ ಹತ್ತು ಸೆಕೆಂಡು.

"ಬಾರ್ಡರ್‌ಲೈನ್ ಅದ. ಏನ್ ಆಗಂಗಿಲ್ಲ. ಸಣ್ಣ ಗುಳಿಗಿ ಬರೀತೀನಿ, ಬೆಳಿಗ್ಗೆ ಖಾಲಿ ಹೊಟ್ಟೀಲೆ ತಗೋ. ರಕ್ತನೂ ಕಮ್ಮಿ ಅದ, ಅದಕ್ಕೊಂದು ಕಬ್ಬಿಣದ ಗುಳಿಗಿ. ಟೆನ್ಶನ್ ಮಾಡ್ಕೋಬ್ಯಾಡ."

ಟೆನ್ಶನ್ ಮಾಡಿಕೊಳ್ಳಬೇಡ ಎಂದರೆ ನನಗೆ ಟೆನ್ಶನ್ ಶುರುವಾಗುತ್ತದೆ. ಏನೂ ಆಗದಿದ್ದರೆ ಗುಳಿಗೆ ಯಾಕೆ? ರೋಗವಿದ್ದರೆ ಹೆಸರು ಹೇಳಲಿ, ಇಲ್ಲದಿದ್ದರೆ ನನ್ನ ಕೂದಲು ನನಗೆ ವಾಪಸ್ ಕೊಡಲಿ.

ಆಂಜನೇಯನಿಗೆ ಹೇಳಿದಾಗ ಅವನು ನಗಿಸಲು ನೋಡಿದ.

"ಬಾರ್ಡರ್‌ನಾಗ ಇದ್ರ ಏನಾತ್ರಿ? ನಮ್ಮ ರಾಯಚೂರ ಬಾರ್ಡರ್‌ನಾಗ ಅದ. ಈ ಕಡಿ ತೆಲಂಗಾಣ, ಆ ಕಡಿ ಆಂಧ್ರ. ಮಂದಿ ಬದುಕಾಕತ್ತಿಲ್ಲೇನು?"

ಮರುದಿನದಿಂದ ಸಿರವಾರದಲ್ಲಿ ಅವನು ಚಾ ಕೊಟ್ಟ ಕೂಡಲೇ ಎರಡೂ ಗುಳಿಗೆ ಬಾಯಿಗೆ ಹಾಕಿ, ಅದೇ ಚಾದಲ್ಲಿ ನುಂಗತೊಡಗಿದೆ. ಹೊಟ್ಟೆ ಖಾಲಿಯೇ ಇತ್ತು. ನಮ್ಮ ಕಡೆ ಚಾ ಯಾವತ್ತೂ ಊಟದ ಲೆಕ್ಕಕ್ಕೆ ಬರುವುದಿಲ್ಲ. ಉಪವಾಸ ಇದ್ದವರೂ ಕುಡಿಯುತ್ತಾರೆ. ಬಿಸ್ಕಿಟ್ ಇಲ್ಲದೆ ಕುಡಿದರೆ ಅದಕ್ಕೆ ಖಾಲಿ ಚಾ ಎಂದೇ ಹೆಸರು. "ಗುಳಿಗಿ ಬಿಡಬ್ಯಾಡ್ರಿ ಮತ್ತ" ಎಂದು ಅವನು ದಿನಾ ನೆನಪು ಮಾಡುತ್ತಿದ್ದ. ನಾನು ನುಂಗುವವರೆಗೂ ನಿಂತು ನೋಡುತ್ತಿದ್ದ. ಅವನ ಎದುರು ಗುಳಿಗೆ ನುಂಗುವುದೇ ನನಗೊಂದು ಸುಖವಾಯಿತು.

ಮೂರು ತಿಂಗಳು ಒಂದು ದಿನವೂ ತಪ್ಪಿಸಲಿಲ್ಲ. ಎರಡನೆಯ ರಿಪೋರ್ಟಿನಲ್ಲಿ ಏಳು ಪಾಯಿಂಟ್ ಎರಡು.

ಇಳಿಯಬೇಕಾದ ನಂಬರು ಏರಿತ್ತು. ಗುಳಿಗೆಗೂ ಬಗ್ಗದ ರೋಗ ಎಂದು ನನಗೆ ಖಾತ್ರಿಯಾಯಿತು. ಅವ್ವ ಪಕೀರಮ್ಮನಿಗೆ ಹೇಳಲಿಲ್ಲ. ಅವಳು ಆಗಲೇ ನನಗೆ ಗಂಡು ನೋಡುವ ಮಾತು ಎತ್ತಿದ್ದಳು. ತನ್ನ ಅಕ್ಕನನ್ನು ತಾನೇ ಕೈಹಿಡಿದು ಕಟ್ಟೆಯ ಮೇಲೆ ಕೂರಿಸುತ್ತಿದ್ದವಳಿಗೆ ಇದನ್ನು ಹೇಗೆ ಹೇಳುವುದು? ಎರಡೂ ರಿಪೋರ್ಟನ್ನು ಮಡಚಿ, ಅವಳ ಕೈಗೆ ಸಿಗದಂತೆ, ಡ್ಯೂಟಿಗೆ ಒಯ್ಯುವ ಚೀಲದ ತಳದಲ್ಲಿ ಇಟ್ಟೆ.

ಅದಾದ ನಾಲ್ಕನೆಯ ದಿನ ಆ ಘಟನೆ ನಡೆಯಿತು.

ಕಂಡಕ್ಟರನ ಸೀಟಿ ಒಂದು ಸಲ ಊದಿದರೆ ನಿಲ್ಲಿಸು, ಎರಡು ಸಲ ಊದಿದರೆ ಹೊರಡು. ಹಿಂದಿನ ಬಾಗಿಲಲ್ಲಿ ಯಾರ ಕಾಲು ಎಲ್ಲಿದೆ ಎಂದು ನೋಡುವುದು ನನ್ನ ಕೆಲಸ. ಡ್ರೈವರನ ಎಡಗಡೆ ಒಂದು ಕನ್ನಡಿ ಇರುತ್ತದೆ, ನಿಜ. ಆದರೆ ಗದ್ದಲದಲ್ಲಿ ಅದರೊಳಗೆ ಕಾಣುವುದು ಬರೀ ಬೆನ್ನುಗಳು. ಆ ಎರಡು ಸೀಟಿಯನ್ನು ನಂಬಿಯೇ ಅವನು ಗಾಡಿ ಬಿಡುತ್ತಾನೆ.

ಮಾನ್ವಿಗೆ ಇನ್ನೆರಡು ಸ್ಟಾಪ್ ಇತ್ತು. ಒಂದು ಕ್ರಾಸಿನಲ್ಲಿ ಗಾಡಿ ನಿಂತಿತು. ನಾಲ್ಕು ಜನ ಇಳಿದರು. ಐದನೆಯವಳು ಒಬ್ಬ ಮುದುಕಿ, ಕಂಕುಳಲ್ಲಿ ಗಂಟು. ಅವಳು ಏಳುತ್ತಿರುವುದನ್ನು ನಾನು ನೋಡಿದ್ದೆ. ನೋಡಿದ್ದೆ ಎನ್ನುವುದು ಈಗಲೂ ನೆನಪಿದೆ. ಆದರೆ ನಡುವೆ ಎಲ್ಲೋ ತಲೆಯೊಳಗೆ ಮಂಜು ಕವಿದ ಹಾಗಾಯಿತು. ಮುಂದಿನ ಸ್ಟಾಪ್ ಯಾವುದು ಎಂದು ಹುಡುಕುತ್ತಾ ನಿಂತೆ. ಸೀಟಿ ತುಟಿಗೆ ಹೋಯಿತು. ಎರಡು ಸಲ ಊದಿದೆ.

ತಿರುಗಿ ನೋಡಿದರೆ ಮುದುಕಿಯ ಒಂದು ಕಾಲು ಇನ್ನೂ ಮೆಟ್ಟಿಲ ಮೇಲಿತ್ತು, ಇನ್ನೊಂದು ಗಾಳಿಯಲ್ಲಿ. ಒಂದು ಸೀಟಿ ಊದಿ ನಿಲ್ಲಿಸಬೇಕು ಎಂಬುದೂ ನನಗೆ ಹೊಳೆಯಲಿಲ್ಲ.

ಗಾಡಿ ಅಲುಗಾಡಲಿಲ್ಲ.

ಮುದುಕಿ ನಿಧಾನಕ್ಕೆ ಇಳಿದು, "ಬರ್ತೀನವಾ ಯವ್ವಾ, ತಣ್ಣಗಿರು" ಎಂದು ನನ್ನನ್ನೇ ಹರಸಿ ನಡೆದಳು. ಆಮೇಲೆ ಗಾಡಿ ಹೊರಟಿತು. ಗೇರು ಬೀಳಲಿಲ್ಲವೇನೋ, ದೇವರು ದೊಡ್ಡವನು ಎಂದುಕೊಂಡೆ. ರಾಯಚೂರು ಸ್ಟ್ಯಾಂಡಿನ ಬಾತ್‌ರೂಮಿನಲ್ಲಿ ಬಾಗಿಲು ಹಾಕಿಕೊಂಡು ಅತ್ತೆ. ದೊಡ್ಡವ್ವ ಮರೆತಾಗ ಅನ್ನ ಸೀಯುತ್ತಿತ್ತು, ನಾನು ಮರೆತರೆ ಮಂದಿಯ ಕಾಲು ಚಕ್ರದಡಿಗೆ ಹೋಗುತ್ತದೆ.

ಯಾರಿಗೂ ಹೇಳಲಿಲ್ಲ. ಹೇಳಿದರೆ ಗಾಡಿಯಿಂದ ಇಳಿಸುತ್ತಾರೆ. ಗಾಡಿ ಹೋದರೆ ಬೆಳಗಿನ ಸಿರವಾರ ಹೋಗುತ್ತದೆ, ಅವನು ಹೋಗುತ್ತಾನೆ. ನನ್ನ ನಾಚಿಕೆಗೇಡು ನೋಡಿ, ಒಬ್ಬ ಮುದುಕಿಯ ಜೀವ ಉಳಿದ ದಿನ ನಾನು ಲೆಕ್ಕ ಹಾಕಿದ್ದು ಇದನ್ನು.

ಅಂದಿನಿಂದ ಪ್ರತಿ ಸ್ಟಾಪಿನಲ್ಲೂ ಕೆಳಗಿಳಿದು, ಸುತ್ತ ನೋಡಿ, ಮತ್ತೊಮ್ಮೆ ನೋಡಿ ಸೀಟಿ ಊದತೊಡಗಿದೆ. "ಏನವಾ, ಪ್ರತೀ ಸ್ಟಾಪಿಗೂ ಪೂಜಿ ಮಾಡಾಕತ್ತೀಯೇನು?" ಎಂದು ಮಂದಿ ಬೈದರು. ಆಂಜನೇಯನ ಮುಖ ನೋಡುವುದನ್ನು ಬಿಟ್ಟೆ. ಚಾ ಕೊಟ್ಟರೆ ಗುಳಿಗೆ ನುಂಗಿ ಗ್ಲಾಸು ವಾಪಸ್ ಕೊಡುತ್ತಿದ್ದೆ, ಮಾತಿಲ್ಲ.

ಹೀಗೆ ಎರಡು ವಾರ. ಆಮೇಲೆ ಒಂದು ದಿನ ಅವನು ಸಿರವಾರದಲ್ಲಿ ಗ್ಲಾಸನ್ನು ಕೈಗೆ ಕೊಡದೆ ಹಿಡಿದುಕೊಂಡೇ ನಿಂತ.

"ಗಂಡು ಗೊತ್ತಾತೇನ್ರಿ?"

"ಯಾರ ಗಂಡು?"

"ನಿಮಗ. ಮಾತ ಬಿಟ್ಟೀರಿ, ಮಾರಿ ನೋಡಂಗಿಲ್ಲ. ಹೆಣ್ಣುಮಕ್ಕಳು ಹಂಗ ಮಾಡೋದು ಗಂಡು ಗೊತ್ತಾದಾಗ ಅಂತ ನಮ್ಮ ತಂಗಿ ಹೇಳಿದ್ಲು."

ಅಷ್ಟು ಹೆದರಿದ್ದರೂ ನನಗೆ ನಗು ಬಂತು. "ತಂಗಿ ಮುಂದ ಇದನ್ನೆಲ್ಲ ಹೇಳ್ತೀರೇನು?"

"ಮೂರು ಮಂದಿ ಮುಂದನೂ ಹೇಳ್ತೀನಿ. ಹೇಳ್ರಿ, ಗೊತ್ತಾತೇನು?"

"ಗಂಡಲ್ರಿ, ರೋಗ ಗೊತ್ತಾಗ್ಯದ" ಎಂದೆ. ಏಳು ಪಾಯಿಂಟ್ ಎರಡರ ಮಾತು ಹೇಳಿದೆ. ದೊಡ್ಡವ್ವನ ಮಾತೂ ಬಂತು. ಮುದುಕಿಯ ಮಾತು ಮಾತ್ರ ಹೇಳಲಿಲ್ಲ. ಅವನ ಕೈಯಲ್ಲಿ ಚಾ ಆರುತ್ತಿತ್ತು. ಕಣ್ಣಲ್ಲಿ ಮೊದಲ ಸಲ ತಮಾಷೆ ಇರಲಿಲ್ಲ.

"ಇವತ್ತ ರಾಯಚೂರಾಗ ಎರಡು ತಾಸು ಟೈಮ್ ಅದ. ಜೈಬುನ್ನೀಸಾ ಡಾಕ್ಟರ್ ಅಂತ ಅದಾರ, ನಮ್ಮ ನಡುವಿನ ತಂಗೀನ ತೋರ್ಸಿದ್ವಿ. ಸಾವಕಾಶ ಕೂತು ಕೇಳ್ತಾರ. ಹೋಗೋಣ ನಡೀರಿ."

ಡಾಕ್ಟರ್ ಜೈಬುನ್ನೀಸಾ ಅವರಿಗೆ ಐವತ್ತು ದಾಟಿತ್ತು. ಜೊತೆಗೆ ಬಂದವರೂ ಒಳಗೆ ಬರಲಿ ಎಂದು ಆಂಜನೇಯನನ್ನೂ ಕರೆಸಿದರು.

"ಇವ್ರು?"

"ಡ್ರೈವರ್ರಿ" ಎಂದೆ.

"ನಿಮ್ಮ ಕಾರಿನ ಡ್ರೈವರಾ?"

"ಬಸ್ಸಿಂದ್ರಿ."

ಡಾಕ್ಟರು ಕನ್ನಡಕದ ಮೇಲಿಂದ ಇಬ್ಬರನ್ನೂ ನೋಡಿದರು. ನಾನು ರಿಪೋರ್ಟ್ ನೋಡಿದೆ, ಅವನು ಫ್ಯಾನ್ ನೋಡಿದ. ಅವರು ಎದ್ದು ಬಂದು ನನ್ನ ಹಿಂದೆ ನಿಂತು, ಎರಡೂ ಕೈಯಿಂದ ಕುತ್ತಿಗೆ ಮುಟ್ಟಿ, ನೀರು ಕುಡಿಸಿ ನುಂಗಲು ಹೇಳಿದರು. ನನ್ನ ಎದೆ ಹೊಡೆದುಕೊಳ್ಳುವುದು ಅವರ ಬೆರಳಿಗೆ ತಿಳಿದಿರಬೇಕು.

"ಗಡ್ಡೆ ಏನೂ ಸಿಗಾಕತ್ತಿಲ್ಲ ಬೇಟಾ. ಉಸಿರು ಬಿಡು ಮೊದ್ಲು." ಕೂತು, ಎರಡೂ ರಿಪೋರ್ಟನ್ನು ಪಕ್ಕಪಕ್ಕ ಇಟ್ಟುಕೊಂಡರು. "ಈಗ ಹೇಳು. ಗುಳಿಗಿ ಹೆಂಗ ತಗೋತಿ? ನಿನ್ನೆ ಏನ್ ಮಾಡ್ದಿ, ಹಂಗಹಂಗ ಹೇಳು."

"ದಿನಾ ತಪ್ಪಸಂಗಿಲ್ರಿ. ಬೆಳಿಗ್ಗೆ ಆರೂವರಿಗಿ ಸಿರವಾರದಾಗ ಇವ್ರು ಚಾ ತರ್ತಾರ. ಚಾದಾಗ ಎರಡೂ ಗುಳಿಗಿ ನುಂಗ್ತೀನಿ."

"ಯಾವ ಎರಡು?"

"ಥೈರಾಯ್ಡಿಂದು, ರಕ್ತದ್ದು."

"ಕೂಡೇ?"

"ಹ್ಞೂಂರಿ. ಖಾಲಿ ಹೊಟ್ಟೀಲೇ."

"ಚಾ?"

"ಖಾಲಿ ಚಾರಿ."

ಡಾಕ್ಟರು ಪೆನ್ನು ಕೆಳಗಿಟ್ಟರು. "ಯಾ ಅಲ್ಲಾ" ಎಂದು ಹಣೆ ಒತ್ತಿಕೊಂಡರು. "ಥೈರಾಯ್ಡ್ ಗುಳಿಗಿ ಭಾಳ ನಾಜೂಕು. ಹಾಲಿನ ಚಾ ಜೊತಿ ಕೊಟ್ರ ಅರ್ಧಂಬರ್ಧ ಇಳೀತದ. ಕಬ್ಬಿಣದ ಗುಳಿಗಿ ಅಂತೂ ಅದನ್ನ ಹೊಟ್ಟ್ಯಾಗ ಹಿಡ್ಕೊಂಡು ಕುಂಡರ್ತದ, ರಕ್ತಕ್ಕ ಹೋಗಾಕ ಬಿಡಂಗಿಲ್ಲ. ಚಾ ಆ ಕಬ್ಬಿಣಾನೂ ಇಳೀಗೊಡಂಗಿಲ್ಲ. ಮೂರು ತಿಂಗಳು ನೀ ಗುಳಿಗಿ ನುಂಗೀದಿ, ಮೈಗೆ ಹತ್ತಿದ್ದು ಎಷ್ಟೋ ಏನೋ. ಯಾರೂ ಹೇಳ್ಲಿಲ್ಲೇನು?"

"ಖಾಲಿ ಹೊಟ್ಟೀಲೆ ಅಂದಿದ್ರು."

ಪಕ್ಕದಲ್ಲಿ ಆಂಜನೇಯನ ಮುಖ ಸಣ್ಣಗಾಗುತ್ತಾ ಹೋಯಿತು. "ದಿನಾ ನಾನ ತಂದು ಕೊಟ್ಟೀನ್ರಿ ಡಾಕ್ಟ್ರೇ" ಎಂದ. ನೂರು ಗ್ಲಾಸ್ ವಿಷ ಕೊಟ್ಟವನ ಧ್ವನಿ. ಅವನ ಕೈ ಹಿಡಿಯಬೇಕು ಅನ್ನಿಸಿತು, ಹಿಡಿಯಲಿಲ್ಲ.

"ನೀವು ಚಾ ಕೊಟ್ಟೀರಿ, ಜಹರ್ ಕೊಟ್ಟಿಲ್ಲ" ಎಂದರು ಡಾಕ್ಟರು. ಆಮೇಲೆ ನನಗೆ ಬಿಡಿಸಿ ಹೇಳಿದರು. ಎದ್ದ ಕೂಡಲೇ ಬರೀ ನೀರಿನಲ್ಲಿ ಥೈರಾಯ್ಡ್ ಗುಳಿಗೆ, ಒಂದು ತಾಸಾದ ಮೇಲೆ ಚಾ. ಕಬ್ಬಿಣದ ಗುಳಿಗೆ ಮಧ್ಯಾಹ್ನ, ಅದರ ಹತ್ತಿರ ಚಾ ಸುಳಿಯಬಾರದು. ಎಂಟು ವಾರ ಬಿಟ್ಟು ಅದೇ ಲ್ಯಾಬಿನಲ್ಲಿ ಅದೇ ಹೊತ್ತಿಗೆ ಮತ್ತೆ ಪರೀಕ್ಷೆ, ಜೊತೆಗೆ, ಮೈ ತಾನೇ ಥೈರಾಯ್ಡಿನ ಮೇಲೆ ತಿರುಗಿಬಿದ್ದಿದೆಯೇ ಎಂದು ನೋಡಲು ಇನ್ನೊಂದು ಆಂಟಿಬಾಡಿ ಪರೀಕ್ಷೆ.

"ಅಂದ್ರ ಎಂಟು ವಾರಕ್ಕ ಎಲ್ಲಾ ಹೋಗ್ತದೇನ್ರಿ? ಈ ಮರೆವು?" ಎಂದು ಕೇಳಿ, ದೊಡ್ಡವ್ವನ ಬಾವು, ಮರೆವು, ಮಕ್ಕಳಾಗದ್ದು ಎಲ್ಲ ಹೇಳಿದೆ.

ಅವರು ಕೂಡಲೇ ಹೌದು ಎನ್ನಲಿಲ್ಲ. "ನಂಬರ್ ಇಳೀಬೇಕು. ಆದ್ರ ದಣಿವು, ಮರೆವು ಎಲ್ಲಾ ಇದರದ್ದೇ ಅಂತ ನಾ ಖರೆ ಹೇಳಾಕ ಬರಂಗಿಲ್ಲ. ರಕ್ತ ಕಮ್ಮಿ ಅದ, ನಸುಕಿನ ಡ್ಯೂಟಿ ಅದ, ಮ್ಯಾಲ ಹೆದರಿಕಿ. ಒಂದೊಂದ ಬಿಡಿಸ್ಕೊಂತ ಹೋಗೋಣ. ನಿಮ್ಮ ದೊಡ್ಡವ್ವಗ ಯಾರೂ ಪರೀಕ್ಷಾ ಮಾಡ್ಸಲಿಲ್ಲ, ನಿನಗ ಸುರುವಿನ್ಯಾಗ ಸಿಕ್ಕದ. ಮಕ್ಕಳಾಗಂಗಿಲ್ಲ ಅಂತೆಲ್ಲ ತಲ್ಯಾಗ ತುಂಬ್ಕೋಬ್ಯಾಡ, ಭಾಳ ಮಂದಿ ಇದನ್ನ ಇಟ್ಕೊಂಡು ತಾಯಿ ಆಗ್ಯಾರ." ಆಮೇಲೆ ನನ್ನ ಖಾಕಿ ನೋಡಿದರು. "ಕೆಲಸದಾಗ ಏನರ ತೊಂದರಿ ಆಗ್ಯದೇನು?"

"ಇಲ್ರಿ" ಎಂದೆ.

ಆಂಜನೇಯ ನನ್ನ ಕಡೆ ತಿರುಗಿದ.

ಹೊರಗೆ ಬಿಸಿಲಿತ್ತು. ಬಸ್ ಸ್ಟ್ಯಾಂಡಿನ ಕಡೆ ನಡೆಯುತ್ತಾ ಅರ್ಧ ದಾರಿ ಬಂದ ಮೇಲೆ ಅವನು ನಿಂತ.

"ಆ ಮುದುಕಿ ಇಳದ ದಿನ, ನಾ ನೋಡೀನ್ರಿ."

ಅಂದು ಗಾಡಿ ಹಿಡಿದು ನಿಲ್ಲಿಸಿದವನು ಇವನೇ. ಗೇರು ಬೀಳದೆ ಇದ್ದದ್ದಲ್ಲ, ದೇವರೂ ಅಲ್ಲ.

"ನೋಡೇ ಗಾಡಿ ಬಿಡ್ಲಿಲ್ಲೇನು?"

"ಹ್ಞೂಂ."

"ನಾ ಎರಡು ಸೀಟಿ ಊದಿದ್ನಲ್ಲ."

"ಊದಿದ್ರಿ."

"ಅಂದ್ರ ನನ್ನ ಸೀಟಿ ಮ್ಯಾಲ ನಿಮಗ ಮೊದ್ಲಿಂದ ನಂಬಿಕಿ ಇಲ್ಲ. ಕನ್ನಡ್ಯಾಗ ನೋಡಿ ನೋಡಿ ಬಿಡಾಕತ್ತೀರಿ. ನನ್ನ ತಲಿ ಕೆಟ್ಟದ್ದು ನನಗಿಂತ ಮೊದ್ಲ ನಿಮಗ ಗೊತ್ತಾಗ್ಯದ."

"ಹಂಗಲ್ಲ ಮೇಡಂ."

"ಮತ್ತ ಹೆಂಗ?"

ಅವನು ಚಪ್ಪಲಿಯ ತುದಿ ನೋಡಿದ. "ಅದನ್ನ ಹೆಂಗ ಹೇಳ್ಬೇಕಂತ ನನಗ ತಿಳ್ಯಾಕತ್ತಿಲ್ಲ" ಎಂದ. ಆಮೇಲೆ ಅವಸರವಾಗಿ, "ಯಾರಿಗೂ ಹೇಳಬ್ಯಾಡ್ರಿ. ನೀವು ಸೀಟಿ ಊದ್ರಿ, ನಾ ನೋಡೇ ಬಿಡ್ತೀನಿ. ಎಂಟು ವಾರ ಹಂಗ ನಡಸೋಣ. ನಿಮ್ಮ ಕೆಲಸನೂ ಉಳೀತದ, ನಾವಿಬ್ರೂ…" ಎಂದು ನಿಲ್ಲಿಸಿದ.

ಹೌದು ಎನ್ನಲು ನನ್ನ ಇಡೀ ಮೈ ಕಾಯುತ್ತಿತ್ತು. ನಾವಿಬ್ರೂ ಎಂದು ಅವನು ಅಂದದ್ದು ಅದೇ ಮೊದಲು.

"ಸಂತಿ ದಿನ ಬಾಗಿಲಿಗೆ ಮಂದಿ ಜೋತುಬಿದ್ರ? ಮಳಿಗೆ ಕನ್ನಡಿ ಮಸುಕಾದ್ರ?"

ಅವನು ಕರ್ಚೀಫ್ ತೆಗೆದು ಮುಖ ಒರೆಸಿಕೊಂಡ.

"ಮಂದಿ ಜೀವರೀ ಅದು. ನಾ ಇವತ್ತ ಸಾಹೇಬ್ರಿಗೆ ಹೇಳ್ತೀನಿ. ನಿಮ್ಮ ಹೆಸರು ತರಂಗಿಲ್ಲ. ಮತ್ತ ಎಂಟು ವಾರಕ್ಕ ನಂಬರ್ ಇಳೀಲಿಲ್ಲಂದ್ರ ನನ್ನ ಸಲುವಾಗಿ ಕಾಯಬ್ಯಾಡ್ರಿ."

"ಕಾಯಾಕತ್ತೀನಂತ ಯಾರು ಹೇಳಿದ್ರು?" ನಗಲು ನೋಡಿದ, ಆಗಲಿಲ್ಲ.

"ಮಾರಿ ಹೇಳ್ತದ" ಎಂದು ಮುಂದೆ ನಡೆದೆ. ಅಳು ಅವನಿಗೆ ಕಾಣಬಾರದಿತ್ತು.

ನಮ್ಮ ಡಿಪೋ ಮ್ಯಾನೇಜರ್ ಹನುಮಂತ್ರಾಯರಿಗೆ ಬಾಯಿಮಾತು ಕಿವಿಗೇ ಬೀಳುವುದಿಲ್ಲ. ಟೈರ್ ಪಂಕ್ಚರ್ ಆದರೂ "ಬರದ್ ಕೊಡ್ರಿ" ಎನ್ನುತ್ತಾರೆ. ಅವರ ಮುಂದೆ ಕೈಕಟ್ಟಿ ನಿಂತು ಎಲ್ಲ ಹೇಳಿದೆ. ರಿಪೋರ್ಟ್, ಮರೆವು, ಮುದುಕಿ.

"ಸೀಟಿ ಊದಿದ ಮ್ಯಾಲ ಗಾಡಿ ಯಾಕ ಮುಂದಕ್ಕ ಹೋಗ್ಲಿಲ್ಲ?"

"ಗೊತ್ತಿಲ್ರಿ ಸರ್."

"ನನಗ ಗೊತ್ತದ್ರಿ ಸರ್" ಎಂದಿತು ಬಾಗಿಲಿನಿಂದ ಧ್ವನಿ. ಆಂಜನೇಯ ಒಳಗೆ ಬಂದು ನನ್ನ ಪಕ್ಕ ನಿಂತ. "ನಾನು ನೋಡೀನಿ. ನೋಡೂ ರಿಪೋರ್ಟ್ ಮಾಡ್ಲಿಲ್ಲ."

ಹನುಮಂತ್ರಾಯರು ಇಬ್ಬರನ್ನೂ ಅಳೆದು ನೋಡಿದರು. "ಇಬ್ರೂ ಕೂಡಿ ಮುಚ್ಚಿಟ್ರೇನು?"

"ಕೂಡಿ ಅಲ್ರಿ ಸರ್. ಬ್ಯಾರೆಬ್ಯಾರೆ" ಎಂದ ಅವನು.

"ಸೀಟಿ ಆದ್ರೂ ಗಾಡಿ ಯಾಕ ಬಿಡ್ಲಿಲ್ಲ, ಯಾಕ ತಿಳಸ್ಲಿಲ್ಲ, ಬರದ್ ಕೊಡು" ಎಂದು ಅವನಿಗೆ ಹೇಳಿ ನನ್ನ ಕಡೆ ತಿರುಗಿದರು. "ನೀನು ನಾಳಿಂದ ಆಫೀಸಿನ್ಯಾಗ ಟಪಾಲು ನೋಡವಾ. ಡಾಕ್ಟರ್ ಸರ್ಟಿಫಿಕೇಟ್ ತಂದ ಮ್ಯಾಲ ಗಾಡಿ ಮಾತು."

ಮರುದಿನ ಐದೂವರೆಗೆ ನಮ್ಮ ಗಾಡಿ ಬೇರೆ ಕಂಡಕ್ಟರನ ಸೀಟಿಗೆ ಹೊರಟಿತು. ಆಫೀಸಿನ ಕಿಟಕಿಯಲ್ಲಿ ನಿಂತು ನೋಡಿದೆ. ಎದ್ದ ಕೂಡಲೇ ಬರೀ ನೀರಿನಲ್ಲಿ ಗುಳಿಗೆ ನುಂಗಿ ಬಂದಿದ್ದೆ. ಸರಿಯಾದುದನ್ನು ಮಾಡಿದವರಿಗೆ ಮನಸ್ಸು ಹಗುರಾಗುತ್ತದೆ ಎನ್ನುತ್ತಾರೆ. ನನಗೇನೂ ಹಗುರಾಗಲಿಲ್ಲ.

ಮೂರನೆಯ ದಿನ ಟಪಾಲಿನಲ್ಲಿ ಅವನ ವಿವರಣೆ ಪತ್ರ ಬಂತು. ಬಂದ ಪತ್ರಗಳನ್ನೆಲ್ಲ ಒಡೆದು ದಾಖಲೆ ಮಾಡಿ ಸಾಹೇಬರ ಟೇಬಲ್ಲಿಗೆ ಇಡುವುದು ನನ್ನ ಕೆಲಸ. ಆ ಲಕೋಟೆಯನ್ನು ಎಲ್ಲಕ್ಕಿಂತ ಕೆಳಗೆ ಹಾಕಿದೆ. ಸದರಿ ಕಂಡಕ್ಟರ್ ಸೀಟಿಯನ್ನು ನಂಬುವಂತಿಲ್ಲ ಎಂದು ಅವನೇ ಸಹಿ ಮಾಡಿ ಬರೆದಿದ್ದರೆ? ಅದನ್ನು ಓದಿದ ಮೇಲೆ ಯಾವ ನಂಬರು ಇಳಿದು ಏನು ಪ್ರಯೋಜನ? ಉಳಿದ ಪತ್ರಗಳೆಲ್ಲ ಮುಗಿದವು. ಕೊನೆಗೆ ಅದನ್ನೂ ಒಡೆದೆ.

"ಮಾನ್ಯರೇ, ಸದರಿ ದಿನ ನಿರ್ವಾಹಕಿಯವರು ಎರಡು ಸೀಟಿ ಊದಿದ್ದು ನಿಜ. ನಾನು ಗಾಡಿ ಬಿಡದೆ ಇದ್ದದ್ದೂ ನಿಜ. ಕಾರಣವೇನೆಂದರೆ, ಆ ಸಮಯದಲ್ಲಿ ನಾನು ಎಡಗಡೆ ಕನ್ನಡಿಯಲ್ಲಿ ನಿರ್ವಾಹಕಿಯವರನ್ನು ನೋಡುತ್ತಿದ್ದೆ. ಇದು ಅವರ ಸೀಟಿಯ ಮೇಲೆ ಅನುಮಾನದಿಂದ ನೋಡಿದ್ದಲ್ಲ. ನಾನು ಈ ಗಾಡಿಗೆ ಬಂದ ದಿನದಿಂದ ಪ್ರತಿ ಸ್ಟಾಪಿನಲ್ಲೂ ನೋಡುತ್ತೇನೆ. ಅಂದು ಅವರನ್ನು ನೋಡುತ್ತಿದ್ದಾಗ ಅವರ ಪಕ್ಕದಲ್ಲಿ ಮುದುಕಿಯವರು ಕಂಡರು. ರಿಪೋರ್ಟ್ ಮಾಡದೆ ಇದ್ದದ್ದು ನನ್ನ ತಪ್ಪು. ಮಾಡಿದ್ದರೆ ಅವರನ್ನು ಗಾಡಿಯಿಂದ ತೆಗೆಯುತ್ತೀರಿ ಎಂದು ಹೆದರಿದೆ. ಅದಕ್ಕೆ ತಾವು ಕೊಡುವ ಶಿಕ್ಷೆಗೆ ಬದ್ಧನಿದ್ದೇನೆ.

ಎಂಟು ವಾರಗಳ ನಂತರ ಸದರಿಯವರ ರಕ್ತ ಪರೀಕ್ಷೆ ರಾಯಚೂರಿನಲ್ಲಿ ಇರುತ್ತದೆ. ಜೊತೆಗೆ ಹೋಗಲು ಅಂದು ನನಗೆ ಒಂದು ದಿನದ ರಜೆ ಬೇಕಾಗಿರುತ್ತದೆ. ಅದರ ಫಲಿತಾಂಶ ಎಷ್ಟೇ ಬಂದರೂ ಮರುದಿನ ನಮ್ಮ ಹಿರಿಯರನ್ನು ಕರೆದುಕೊಂಡು ದೇವದುರ್ಗದ ಅವರ ಮನೆಗೆ ಹೆಣ್ಣು ಕೇಳಲು ಹೋಗಬೇಕಾಗಿರುವುದರಿಂದ, ಒಟ್ಟು ಎರಡು ದಿನ ರಜೆ ಮಂಜೂರು ಮಾಡಬೇಕೆಂದು ವಿನಂತಿ."

ಎಷ್ಟೇ ಬಂದರೂ ಎಂಬಲ್ಲಿ ಪೆನ್ನು ಒತ್ತಿ ಬರೆದಿದ್ದ. ಕಾಗದ ಹಿಂದಿನಿಂದ ಉಬ್ಬಿತ್ತು.

ಮತ್ತೆ ಮೊದಲಿನಿಂದ ಓದತೊಡಗಿದೆ. "ಟಪಾಲು ಎಲ್ಲಿ ಅದವಾ?" ಎಂದು ಸಾಹೇಬರು ಒಳಗಿನಿಂದ ಕೂಗಿದಾಗ ಎದ್ದು, ಪತ್ರ ತೆಗೆದುಕೊಂಡು ಹೋಗಿ ಟೇಬಲ್ಲಿನ ಮೇಲಿಟ್ಟೆ. ಹನುಮಂತ್ರಾಯರು ಕನ್ನಡಕ ಹಾಕಿ ಮೊದಲಿನಿಂದ ಕೊನೆಯವರೆಗೆ ಓದಿದರು. ಮತ್ತೊಮ್ಮೆ ಓದಿದರು.

"ಮೂವತ್ತು ವರ್ಷದಾಗ ಇಂಥಾ ವಿವರಣಿ ನಾ ಓದಿಲ್ಲ" ಎಂದರು. ಮೊದಲನೆಯ ಪ್ಯಾರಾದ ಪಕ್ಕ ಕೆಂಪು ಪೆನ್ನಿನಿಂದ "ಮೆಮೊ ಕೊಡುವುದು" ಎಂದು ಬರೆದರು. ಎರಡನೆಯ ಪ್ಯಾರಾದ ಮೇಲೆ ಪೆನ್ನು ಹಿಡಿದು ನಿಂತರು. "ಪರೀಕ್ಷಾ ದಿನದ್ದು ಕೊಡ್ತೀನಿ, ಅದು ನನ್ನ ಕೈಯಾಗ ಅದ. ಮರುದಿನದ್ದು ನನ್ನ ಕೈಯಾಗ ಇಲ್ಲವಾ. ಹೇಳು, ಎಷ್ಟು ದಿನ ಬರೀಲಿ, ಒಂದೋ ಎರಡೋ?"

ಹೆದರಿಕೆ ಎಲ್ಲಿಗೂ ಹೋಗಿರಲಿಲ್ಲ. ಎಂಟು ವಾರ ಇನ್ನೂ ಮುಂದೆ ಇತ್ತು, ನಂಬರು ಏನು ಬರುತ್ತದೋ ಗೊತ್ತಿರಲಿಲ್ಲ, ಸ್ವೆಟರ್ ಇನ್ನೂ ಮೈಮೇಲಿತ್ತು. ಗಂಟಲು ಸರಿಮಾಡಿಕೊಂಡೆ. ಆದರೂ ಧ್ವನಿ ದಪ್ಪಗೇ ಬಂತು.

"ಎರಡು ಬರೀರಿ ಸರ್" ಎಂದೆ.